ಗಡ್ಡೆ ಹೋಯಿತು ಸರಿ, ಉಳಿದ ಲಿವರ್ ಹೇಗಿದೆ?

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ
ಕಾರ್ಯನಿರ್ವಾಹಕ ನಿರ್ದೇಶಕರು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು

ವಿಷಯ: ಲಿವರ್ ಕ್ಯಾನ್ಸರ್ ಚಿಕಿತ್ಸೆಯ ನಂತರದ ಎಂಆರ್‌ಐ ತಪಾಸಣೆಯಲ್ಲಿ ಲಿವರ್‌ನ ಗಡಸುತನವನ್ನೂ ಅಳೆಯುವ ಬಗ್ಗೆ.

ಮಾನ್ಯರೇ,

ನಾನು ಎಂಆರ್‌ಐ ತಂತ್ರಜ್ಞ. ಮೊದಲು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದೆ, ಈಗ ದಾವಣಗೆರೆಯಲ್ಲಿದ್ದೇನೆ. ರೋಗಿಯ ಕಿವಿಯೋಲೆ, ಬೆಳ್ಳಿಯ ಉಡಿದಾರ, ಜೇಬಿನ ಚಿಲ್ಲರೆ ತೆಗೆಸಿ ಮೇಜಿನ ಮೇಲೆ ಮಲಗಿಸುವಲ್ಲಿಂದ ಹಿಡಿದು ಚಿತ್ರಗಳನ್ನು ರೇಡಿಯಾಲಜಿಸ್ಟರ ಕಂಪ್ಯೂಟರಿಗೆ ಕಳುಹಿಸುವವರೆಗಿನದು ನನ್ನ ಕೆಲಸ. ವರದಿ ಬರೆಯುವವರು ಅವರು, ಚಿಕಿತ್ಸೆ ನಿರ್ಧರಿಸುವವರು ಇನ್ನೊಬ್ಬರು. ಅವರಿಬ್ಬರಿಗೂ ಪಾಠ ಹೇಳಲು ಈ ಪತ್ರ ಬರೆಯುತ್ತಿಲ್ಲ. ಯಾವ ತಪಾಸಣೆಗೆ ಹಣ ಸಿಗಬೇಕು, ವರದಿಯಲ್ಲಿ ಏನು ಇರಲೇಬೇಕು, ಸರ್ಕಾರಿ ಆಸ್ಪತ್ರೆಯ ಯಂತ್ರಕ್ಕೆ ಯಾವ ಉಪಕರಣ ಬರಬೇಕು ಎಂದು ತೀರ್ಮಾನಿಸುವವರು ನೀವು. ಆದ್ದರಿಂದ ನಿಮ್ಮ ಹೆಸರಿಗೆ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೆ ಕಾರಣ, ಇದು ರೋಗಿಗಳೂ ಅವರ ಮನೆಯವರೂ ಓದಬೇಕಾದ ವಿಷಯ.

ಲಿವರ್‌ನಲ್ಲಿ ಹುಟ್ಟಿದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಕೆಲವು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರುತ್ತಾರೆ. ಅವರ ಕೈ ಸೇರುವ ವರದಿಯ ಬಹುಪಾಲು ಒಂದೇ ಪ್ರಶ್ನೆಗೆ ಉತ್ತರ: ಗಡ್ಡೆ ಸತ್ತಿದೆಯೇ, ಬದುಕಿದೆಯೇ? ಅದಕ್ಕೆ ಒಳ್ಳೆಯ ವ್ಯವಸ್ಥೆಯೂ ಇದೆ. ಕಾಂಟ್ರಾಸ್ಟ್ ಔಷಧ ರಕ್ತಕ್ಕೆ ಸೇರಿದ ಮೊದಲ ಅರ್ಧ ನಿಮಿಷದಲ್ಲಿ ಆ ಜಾಗ ಹೊಳೆಯುತ್ತದೆಯೇ, ಆಮೇಲೆ ಮಂಕಾಗುತ್ತದೆಯೇ ಎಂದು ನೋಡಿ ಹೇಳುವ ಕ್ರಮವನ್ನು ಅಮೆರಿಕದ ರೇಡಿಯಾಲಜಿ ಕಾಲೇಜು ಲೈ-ರಾಡ್ಸ್ ಎಂಬ ಹೆಸರಿನಲ್ಲಿ ರೂಪಿಸಿದೆ. ನಮ್ಮ ರೇಡಿಯಾಲಜಿಸ್ಟರೂ ಅದನ್ನೇ ಅನುಸರಿಸುತ್ತಾರೆ. ಗಡ್ಡೆಯ ಅಳತೆ ಮಿಲಿಮೀಟರಿನಲ್ಲಿ ಇರುತ್ತದೆ. ಅದರ ಸುತ್ತ ಉಳಿದಿರುವ ಲಿವರ್ ಬಗ್ಗೆ ಒಂದೇ ಸಾಲು: ‘ಸಿರೋಸಿಸ್‌ನ ಲಕ್ಷಣಗಳಿವೆ.’ ಹೋದ ವರ್ಷವೂ ಅದೇ ಸಾಲು, ಈ ವರ್ಷವೂ ಅದೇ ಸಾಲು. ಎಷ್ಟು ಸಿರೋಸಿಸ್, ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಬೇರೆ ಅನೇಕ ಕ್ಯಾನ್ಸರುಗಳಲ್ಲಿ ಇದನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಲಿವರ್‌ನ ಕಥೆ ಬೇರೆ. ಹೆಪಟೋಸೆಲ್ಯುಲಾರ್ ಕಾರ್ಸಿನೋಮ ಎಂಬ ಈ ಕ್ಯಾನ್ಸರು ನೂರಕ್ಕೆ 80–90 ಮಂದಿಯಲ್ಲಿ ಮೊದಲೇ ಸಿರೋಸಿಸ್ ಆದ ಲಿವರ್‌ನಲ್ಲಿ ಹುಟ್ಟುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್, ಯಾವುದೇ ಇರಲಿ, ವರ್ಷಗಟ್ಟಲೆ ಗಾಯ ಮಾಡುತ್ತಾ ಹೋಗುತ್ತದೆ. ಗಾಯ ಮಾಗಿದಲ್ಲೆಲ್ಲ ನಾರು ಕೂರುತ್ತದೆ, ನಾರು ಹೆಚ್ಚಿದಷ್ಟೂ ಲಿವರ್ ಗಡುಸಾಗುತ್ತದೆ. ಇದೇ ಫೈಬ್ರೋಸಿಸ್, ಅದು ಮಿತಿ ಮೀರಿ ಲಿವರ್ ಗಂಟುಗಂಟಾದರೆ ಸಿರೋಸಿಸ್. ಅಂದರೆ ಈ ರೋಗಿಗೆ ಇರುವುದು ಎರಡು ಕಾಯಿಲೆ. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆಸಿಕೊಂಡವರಲ್ಲೂ ಐದು ವರ್ಷಗಳೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಕ್ಯಾನ್ಸರು ಮರಳುತ್ತದೆ ಎಂಬುದು ವೈದ್ಯಲೋಕ ಒಪ್ಪಿರುವ ಮಾತು. ಮೊದಲ ಎರಡು ವರ್ಷಗಳಲ್ಲಿ ಮರಳುವುದು ಹೆಚ್ಚಾಗಿ ಹಳೆಯ ಗಡ್ಡೆಯಿಂದ ಮೊದಲೇ ಚದುರಿದ್ದ ಕಣಗಳಿಂದ. ಅದರ ನಂತರ ಬರುವುದು ಬಹುಮಟ್ಟಿಗೆ ಹೊಸದು, ಅದೇ ಗಾಯಗೊಂಡ ಲಿವರ್‌ನಲ್ಲಿ ಹೊಸದಾಗಿ ಹುಟ್ಟಿದ್ದು. ಗಡ್ಡೆಯ ಮೇಲೆ ಮಾತ್ರ ಕಣ್ಣಿಟ್ಟವರಿಗೆ ಈ ಎರಡನೆಯದು ಬರುವ ಸೂಚನೆ ಮೊದಲೇ ಸಿಗುವುದಿಲ್ಲ.

ಇನ್ನೊಂದು ಮಾತೂ ಇದೆ. ಅದನ್ನು ರೋಗಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಚಿಕಿತ್ಸೆಯೇ ಲಿವರ್‌ಗೆ ಮತ್ತಷ್ಟು ಗಾಯ ಮಾಡಬಹುದು. ರಕ್ತನಾಳದೊಳಗೆ ಕೊಳವೆ ತೂರಿಸಿ ಗಡ್ಡೆಗೆ ಔಷಧ ಬಿಟ್ಟು ಅದರ ರಕ್ತದ ದಾರಿ ಮುಚ್ಚುವ ಟೇಸ್ ಚಿಕಿತ್ಸೆಯನ್ನು ಮತ್ತೆ ಮತ್ತೆ ಮಾಡಿದರೆ ಸುತ್ತಲಿನ ಒಳ್ಳೆಯ ಭಾಗವೂ ಪೆಟ್ಟು ತಿನ್ನುತ್ತದೆ. ಯಿಟ್ರಿಯಂ-90 ಎಂಬ ವಿಕಿರಣ ವಸ್ತು ಇರುವ ಅತಿಸಣ್ಣ ಮಣಿಗಳನ್ನು ಲಿವರ್‌ನ ಬಲಭಾಗಕ್ಕೆ ಬಿಟ್ಟರೆ ಕೆಲವು ತಿಂಗಳಲ್ಲಿ ಆ ಭಾಗ ನಾರುಗಟ್ಟಿ ಕುಗ್ಗುತ್ತದೆ, ಎಡಭಾಗ ಹಿಗ್ಗುತ್ತದೆ. ಹೊರಗಿನಿಂದ ಗುರಿಯಿಟ್ಟು ಕೊಡುವ ವಿಕಿರಣದ ದಾರಿಯಲ್ಲಿ ಸಿಕ್ಕ ಲಿವರ್ ಭಾಗವೂ ಬದಲಾಗುತ್ತದೆ. ಅಲ್ಲಿ ತಿಂಗಳುಗಟ್ಟಲೆ ಕಾಂಟ್ರಾಸ್ಟ್ ಹೊಳಪು ಉಳಿದು, ಅನುಭವವಿಲ್ಲದ ಕಣ್ಣಿಗೆ ಗಡ್ಡೆ ಇನ್ನೂ ಬದುಕಿದೆ ಎಂಬ ಭ್ರಮೆ ಹುಟ್ಟಿಸುವುದೂ ಉಂಟು. ಈ ಚಿಕಿತ್ಸೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವುಗಳಿಂದ ವರ್ಷಗಟ್ಟಲೆ ಬದುಕಿ ನಗುತ್ತಾ ಸ್ಕ್ಯಾನಿಗೆ ಬರುವವರನ್ನು ನೋಡುತ್ತಲೇ ಇದ್ದೇನೆ. ಆದರೆ ಪೆಟ್ಟು ಬೀಳುವುದು ಗೊತ್ತಿದ್ದೂ ಪೆಟ್ಟಿನ ಅಳತೆ ತೆಗೆದುಕೊಳ್ಳದಿರುವುದು ಯಾವ ಲೆಕ್ಕ?

ಅಳೆಯಲು ಸಾಧನವಿಲ್ಲ ಎನ್ನುವ ಕಾಲ ಮುಗಿದು ಬಹಳ ದಿನವಾಯಿತು. ಹಿಂದೆ ದಾರಿಯಿದ್ದುದು ಬಯಾಪ್ಸಿ ಒಂದೇ. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ತೆಗೆಯುವ ಆ ಎಳೆ, ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಭಾಗ. ಲಿವರ್ ಎಲ್ಲೆಡೆ ಒಂದೇ ಹದದಲ್ಲಿ ನಾರುಗಟ್ಟುವುದಿಲ್ಲವಾದ್ದರಿಂದ ಸೂಜಿ ಎಲ್ಲಿ ಇಳಿಯಿತು ಎಂಬುದರ ಮೇಲೆ ಫಲಿತಾಂಶವೂ ಬದಲಾದೀತು. ಮೇಲಾಗಿ ಪ್ಲೇಟ್ಲೆಟ್ ಕುಸಿದ, ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗೆ ಆರು ತಿಂಗಳಿಗೊಮ್ಮೆ ಸೂಜಿ ಚುಚ್ಚುತ್ತೇನೆಂದರೆ ಯಾರು ಒಪ್ಪುತ್ತಾರೆ?

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ರಿಚರ್ಡ್ ಎಹ್ಮನ್ ಅವರ ತಂಡ 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿತು. ಅದೇ ಎಂಆರ್ ಎಲಾಸ್ಟೋಗ್ರಫಿ. 2009ರಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಇಂದು ಜಿಇ, ಸೀಮೆನ್ಸ್, ಫಿಲಿಪ್ಸ್ ಮೂರೂ ಕಂಪನಿಗಳ ಯಂತ್ರಗಳಿಗೆ ಇದು ದೊರೆಯುತ್ತದೆ. ಹಲಸಿನ ಹಣ್ಣನ್ನು ತಟ್ಟಿ ಕಿವಿಗೊಟ್ಟು ಬಲಿತಿದೆಯೇ ಎಂದು ಹೇಳಬಲ್ಲವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಬಲಗಡೆಯ ಪಕ್ಕೆಲುಬಿನ ಮೇಲೆ, ಲಿವರ್ ಇರುವ ನೇರಕ್ಕೆ, ಚಪ್ಪಟೆಯಾದ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಇಟ್ಟು ಪಟ್ಟಿಯಿಂದ ಬಿಗಿಯುತ್ತೇವೆ. ಅದರಿಂದ ಹೊರಟ ಕೊಳವೆ ಗೋಡೆಯ ತೂತಿನ ಮೂಲಕ ಪಕ್ಕದ ಕೋಣೆಯ ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆ ಸೆಕೆಂಡಿಗೆ 60 ಸಲ ಗಾಳಿಯನ್ನು ತಳ್ಳಿ ಬಿಲ್ಲೆಯನ್ನು ಕಂಪಿಸುತ್ತದೆ. ಕಂಪನ ಅಲೆಯಾಗಿ ಲಿವರ್‌ನೊಳಗೆ ಸಾಗುತ್ತದೆ. ಮೆದುವಾದ ಲಿವರ್‌ನಲ್ಲಿ ಅಲೆಗಳು ಒತ್ತೊತ್ತಾಗಿ ಕಾಣುತ್ತವೆ, ಗಡುಸಾದಲ್ಲಿ ಉದ್ದುದ್ದವಾಗಿ ಹರಡುತ್ತವೆ. ಯಂತ್ರ ಆ ಅಲೆಗಳನ್ನು ಚಿತ್ರವಾಗಿಸಿ, ಲೆಕ್ಕ ಹಾಕಿ, ಬಣ್ಣದ ನಕ್ಷೆಯೊಂದನ್ನು ಕೊಡುತ್ತದೆ. ಮೆದುವಾದ ಕಡೆ ನೇರಳೆ, ನೀಲಿ. ಗಡುಸಾದ ಕಡೆ ಕೆಂಪು. ಗಡಸುತನದ ಅಂಕಿ ಕಿಲೋಪ್ಯಾಸ್ಕಲ್ ಎಂಬ ಮಾನದಲ್ಲಿ. ಸಾಮಾನ್ಯ ಲಿವರ್ 2.5ಕ್ಕಿಂತ ಕೆಳಗೆ, 5ನ್ನು ದಾಟಿದರೆ ಬಹುತೇಕ ಸಿರೋಸಿಸ್.

ಚುಚ್ಚುವುದಿಲ್ಲ, ವಿಕಿರಣವಿಲ್ಲ, ಕಾಂಟ್ರಾಸ್ಟ್ ಕೂಡ ಬೇಡ. ರೋಗಿ ಹೇಗೂ ಮೇಜಿನ ಮೇಲೆ ಮಲಗಿರುತ್ತಾನೆ, ಅರ್ಧದಿಂದ ಮುಕ್ಕಾಲು ಗಂಟೆಯ ಲಿವರ್ ಸ್ಕ್ಯಾನ್ ನಡೆಯುತ್ತಲೇ ಇರುತ್ತದೆ. ಅದರ ನಡುವೆ ಇದಕ್ಕೆ ಬೇಕಾಗುವುದು ಹೆಚ್ಚೆಂದರೆ ಐದು ನಿಮಿಷ. ನಾಲ್ಕು ಸಲ ಉಸಿರು ತಡೆದರೆ ಮುಗಿಯಿತು, ಸಲಕ್ಕೆ ಹದಿನೈದು ಸೆಕೆಂಡಿನಷ್ಟು.

ಈ ಉಸಿರು ತಡೆಯುವ ಮಾತಿಗೆ ಬಂದರೆ, ನಮ್ಮಂಥವರ ಕೆಲಸ ಏನೆಂದು ತಮಗೆ ಗೊತ್ತಾಗಲಿ. ಎದೆಯ ಎಕ್ಸ್-ರೇ ತೆಗೆಸಿ ಅಭ್ಯಾಸವಿರುವವರು ‘ಉಸಿರು ತಡೆಯಿರಿ’ ಎಂದ ಕೂಡಲೇ ದಮ್ಮು ಕಟ್ಟಿ ಒಳಕ್ಕೆಳೆದುಕೊಳ್ಳುತ್ತಾರೆ. ಎಲಾಸ್ಟೋಗ್ರಫಿಗೆ ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ನಿಲ್ಲಿಸಬೇಕು. ಆಗ ಮಾತ್ರ ಲಿವರ್ ಪ್ರತಿ ಸಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಯಂತ್ರದಲ್ಲಿ ಧ್ವನಿಮುದ್ರಿತವಾಗಿ ಬರುವ ಸೂಚನೆ ಇಂಗ್ಲಿಷಿನದು. ಹರಪನಹಳ್ಳಿ ಕಡೆಯ ಅಜ್ಜನಿಗೆ ಅದು ತಲೆಗೆ ಹತ್ತುವುದಿಲ್ಲ. ಅದನ್ನು ಬಂದ್ ಮಾಡಿ ನಾವೇ ಮೈಕಿನಲ್ಲಿ ಹೇಳುತ್ತೇವೆ: ‘ಅಜ್ಜ, ಉಸಿರು ಎಳೆದುಕೊಳ್ಳಿ. ಬಿಡಿ. ಪೂರ್ತಿ ಬಿಡಿ. ಹಾಗೆಯೇ ಇರಿ, ಎಳೆದುಕೊಳ್ಳಬೇಡಿ.’ ಒಳಗೆ ಕಳುಹಿಸುವ ಮೊದಲು ಹೊರಗೆ ಕೂರಿಸಿ ಎರಡು ಸಲ ಅಭ್ಯಾಸ ಮಾಡಿಸಿದರೆ ಅರ್ಧ ಗೆದ್ದಂತೆ. ಮಾಡಿಸದಿದ್ದರೆ ಕೋಟಿ ರೂಪಾಯಿಯ ಯಂತ್ರದಿಂದ ಬರುವುದು ಕಸ.

ಚಿಕಿತ್ಸೆಯಾದ ಲಿವರ್‌ನಲ್ಲಿ ಇನ್ನಷ್ಟು ಎಚ್ಚರ ಬೇಕು. ಸುಟ್ಟು ಹಾಕಿದ ಗಡ್ಡೆಯ ಜಾಗವೇ ಗಡುಸಾಗಿರುವುದರಿಂದ ಅದನ್ನು ಬಿಟ್ಟು ಅಳೆಯಬೇಕು. ಬಲಭಾಗ ಕತ್ತರಿಸಿ ತೆಗೆದವರಲ್ಲಿ ಉಳಿದ ಎಡಭಾಗ ಬೆಳೆದು ಖಾಲಿಯಾದ ಕಡೆಗೆ ತಿರುಗಿರುತ್ತದೆ. ಬಿಲ್ಲೆಯನ್ನು ಎಂದಿನ ಜಾಗದಲ್ಲೇ ಇಟ್ಟರೆ ಅಲೆ ಕರುಳಿನೊಳಗೆ ಹೋಗಿ ಹಾಳಾಗುತ್ತದೆ. ಹಾಗಾಗಿ ಮೊದಲು ಲಿವರ್ ಎಲ್ಲಿದೆ ಎಂದು ನೋಡಿಕೊಂಡು ಆಮೇಲೆ ಬಿಲ್ಲೆ ಕಟ್ಟಬೇಕು. ಎಡಭಾಗದ ತುದಿಯಲ್ಲಿ ಹೃದಯದ ಬಡಿತ ಅಡ್ಡ ಬರುತ್ತದೆ, ಅಲ್ಲಿನ ಅಂಕಿಯನ್ನು ನಂಬಬಾರದು. ನಂಬಬಾರದ ಜಾಗಗಳ ಮೇಲೆ ಯಂತ್ರವೇ ಗೆರೆಗಳನ್ನು ಎಳೆದು ತೋರಿಸುತ್ತದೆ. ಆ ಗೆರೆಗಳನ್ನೂ ಸೇರಿಸಿಕೊಂಡು ಸರಾಸರಿ ತೆಗೆದ ವರದಿಗಳನ್ನೂ ನೋಡಿದ್ದೇನೆ. ಶಸ್ತ್ರಚಿಕಿತ್ಸೆಯಾದ ಒಂದೆರಡು ವಾರದಲ್ಲೇ ಅಳೆದರೆ ಊತವನ್ನೇ ನಾರೆಂದು ಓದಿದಂತಾಗುತ್ತದೆ. ಇದೆಲ್ಲ ತರಬೇತಿಯಿಂದ ಬರುವ ತಿಳಿವಳಿಕೆ, ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವುದಲ್ಲ.

ಈಗ ಒಬ್ಬರ ವಿಷಯ ಹೇಳುತ್ತೇನೆ. ಹೆಸರೂ ಬೇಡ, ಆಸ್ಪತ್ರೆಯ ಹೆಸರೂ ಬೇಡ. ನಡುವಯಸ್ಸಿನ ರೈತ, ಹೆಪಟೈಟಿಸ್ ಬಿ ಇದ್ದವರು. ಸಣ್ಣ ಗಡ್ಡೆಯನ್ನು ಸೂಜಿಯಿಂದ ಸುಡಿಸಿಕೊಂಡು ಬಂದಿದ್ದರು. ತಪಾಸಣೆಗೆ ಬಂದಾಗಲೆಲ್ಲ ವರದಿಯಲ್ಲಿ ಬದುಕಿರುವ ಗಡ್ಡೆ ಇಲ್ಲ ಎಂದೇ ಬರುತ್ತಿತ್ತು. ಒಮ್ಮೆ ಅವರ ಹೆಂಡತಿ ನಮಗೆಲ್ಲ ಪೇಡ ಹಂಚಿದರು. ಮುಂದಿನ ತಪಾಸಣೆಗೆ ಅವರು ಬರಲಿಲ್ಲ. ರಕ್ತ ವಾಂತಿಯಾಗಿ ತುರ್ತು ಚಿಕಿತ್ಸೆಗೆ ಸೇರಿದ್ದರು. ಲಿವರ್ ಗಡುಸಾದಾಗ ಅದರೊಳಗೆ ಹೋಗಲಾರದ ರಕ್ತ ಅನ್ನನಾಳದ ಸಿರೆಗಳನ್ನು ಉಬ್ಬಿಸುತ್ತದೆ, ಅವು ಒಡೆದಿದ್ದವು. ಬ್ಯಾಂಡ್ ಹಾಕಿ ಬದುಕಿಸಿದರು. ಆಮೇಲೆ ಹಳೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ತೆರೆದು ನೋಡಿದಾಗ ಹಾಗೆ ತಡೆದ ರಕ್ತದಿಂದಲೇ ಹಿಗ್ಗುವ ಅವರ ಗುಲ್ಮ (ಸ್ಪ್ಲೀನ್) ಸ್ಕ್ಯಾನಿನಿಂದ ಸ್ಕ್ಯಾನಿಗೆ ದೊಡ್ಡದಾಗುತ್ತಾ ಬಂದಿರುವುದು ಎದ್ದು ಕಾಣುತ್ತಿತ್ತು. ಯಾವ ವರದಿಯೂ ಅದನ್ನು ಹಿಂದಿನದರ ಜೊತೆ ಹೋಲಿಸಿರಲಿಲ್ಲ. ಗಡ್ಡೆಯ ಬಗ್ಗೆ ವರದಿಗಳು ಹೇಳಿದ್ದೆಲ್ಲ ಸತ್ಯವೇ. ಅವರನ್ನು ಸಾವಿನ ಬಾಗಿಲಿಗೆ ಒಯ್ದದ್ದು ಗಡ್ಡೆಯಲ್ಲ.

‘ಗೊತ್ತಾಗಿ ತಾನೇ ಏನು ಮಾಡುವುದು? ಸಿರೋಸಿಸ್ ವಾಸಿಯಾಗುವುದಿಲ್ಲವಲ್ಲ’ ಎಂದು ನಿಮ್ಮ ಇಲಾಖೆಯಲ್ಲೇ ಯಾರಾದರೂ ಕೇಳಬಹುದು. ಬಹಳ ಕಾಲ ವೈದ್ಯರೂ ಹಾಗೇ ತಿಳಿದಿದ್ದರು. 2013ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆಪಟೈಟಿಸ್ ಬಿ ರೋಗಿಗಳಿಗೆ ಐದು ವರ್ಷ ಟೆನೊಫೊವಿರ್ ಮಾತ್ರೆ ಕೊಟ್ಟು ಬಯಾಪ್ಸಿ ಮಾಡಿ ನೋಡಿದರು. ಆರಂಭದಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರಿಗೆ ಅದು ಸಿರೋಸಿಸ್ ಎನ್ನಲಾಗದಷ್ಟು ತಗ್ಗಿತ್ತು. ಅಂದರೆ ನಾರು ಕರಗುತ್ತದೆ, ಕಾರಣವನ್ನು ತಡೆದರೆ. ಆ ಮಾತ್ರೆಯನ್ನು 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರ ಉಚಿತವಾಗಿ ಕೊಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರು ಸುಮಾರು 2.98 ಕೋಟಿ, ಹೆಪಟೈಟಿಸ್ ಸಿ ಇರುವವರು 55 ಲಕ್ಷ. ಮಾತ್ರೆ ಕೊಡುವುದು ಒಂದು ಇಲಾಖೆ, ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬಹುದಾದ ಯಂತ್ರ ಅದೇ ಇಲಾಖೆಯ ಇನ್ನೊಂದು ಕಟ್ಟಡದಲ್ಲಿ. ಎರಡಕ್ಕೂ ಪರಿಚಯವಿಲ್ಲ.

ಗಡಸುತನ ಏರುತ್ತಿದೆ ಎಂದು ಗೊತ್ತಾದರೆ ಅನ್ನನಾಳದ ಸಿರೆಗಳನ್ನು ಎಂಡೋಸ್ಕೋಪಿಯಲ್ಲಿ ಮೊದಲೇ ನೋಡಬಹುದು, ಒತ್ತಡ ಇಳಿಸುವ ಮಾತ್ರೆಯನ್ನು ಮೊದಲೇ ಆರಂಭಿಸಬಹುದು. ಗಡ್ಡೆ ಮರಳಿದಾಗ ಇನ್ನೊಂದು ಟೇಸ್ ತಾಳಿಕೊಳ್ಳುವ ಶಕ್ತಿ ಈ ಲಿವರ್‌ಗೆ ಇದೆಯೇ ಎಂಬ ಚರ್ಚೆಗೆ ಒಂದು ಆಧಾರ ಸಿಗುತ್ತದೆ. ಕಸಿಗೆ ಅರ್ಹರಾದವರನ್ನು ಹೊಟ್ಟೆಯಲ್ಲಿ ನೀರು ತುಂಬಿದ ಮೇಲಲ್ಲ, ಮೈಯಲ್ಲಿ ಕಸುವಿರುವಾಗಲೇ ರಾಜ್ಯದ ಅಂಗಾಂಗ ಕಸಿ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಗೆ ಸೇರಿಸುವ ಮಾತು ಎತ್ತಬಹುದು. ಈಗ ವೈದ್ಯರ ಕೈಯಲ್ಲಿರುವ ಚೈಲ್ಡ್-ಪ್ಯೂ ಅಂಕ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಅವಧಿ, ಹೊಟ್ಟೆಯ ನೀರು, ಪ್ರಜ್ಞೆಯ ಸ್ಥಿತಿ ನೋಡಿ ಕೊಡುವಂಥದು. ಅದು ಲಿವರ್ ಕೆಲಸದಲ್ಲಿ ಎಡವಲು ಶುರುವಾದ ಮೇಲೆ ಮಾತನಾಡುತ್ತದೆ. ಎಲ್ಲಕ್ಕಿಂತ ಒಳ್ಳೆಯದಾದ ‘ಎ’ ದರ್ಜೆ ಪಡೆದ ಇಬ್ಬರಲ್ಲಿ ಒಬ್ಬರ ಲಿವರ್‌ನ ಗಡಸುತನ 3.5, ಇನ್ನೊಬ್ಬರದು 7 ಇರಬಹುದು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಲಾಗದು.

ಅಂಕಿ ಕೊಟ್ಟರೆ ಸಾಲದು, ಯಾವ ಅಂಕಿ ಎಂದು ಬರೆಯುವುದೂ ಮುಖ್ಯ. ನಮ್ಮಲ್ಲಿ ಫೈಬ್ರೋಸ್ಕ್ಯಾನ್ ಹೆಚ್ಚು ಪ್ರಚಲಿತ. ಅಲ್ಟ್ರಾಸೌಂಡ್ ತತ್ತ್ವದ ಆ ಸಣ್ಣ ಯಂತ್ರವೂ ಗಡಸುತನವನ್ನು ಕಿಲೋಪ್ಯಾಸ್ಕಲ್‌ನಲ್ಲೇ ಹೇಳುತ್ತದೆ. ಆದರೆ ಎರಡೂ ಅಳೆಯುವ ಗುಣ ಬೇರೆ: ಒಂದರ ಮಾನ ಇನ್ನೊಂದರದಕ್ಕಿಂತ ಸುಮಾರು ಮೂರು ಪಟ್ಟು. ಫೈಬ್ರೋಸ್ಕ್ಯಾನಿನಲ್ಲಿ 15 ಬಂದ ಲಿವರ್ ಎಂಆರ್‌ಐನಲ್ಲಿ 5ರ ಆಸುಪಾಸು ಬಂದೀತು. ಬೆಂಗಳೂರಿನಲ್ಲಿದ್ದಾಗ ಒಬ್ಬರು ಎರಡೂ ಕಾಗದಗಳನ್ನು ಅಕ್ಕಪಕ್ಕ ಹಿಡಿದು ಓಡಿ ಬಂದರು: ‘ಸರ್, ಹದಿನೈದು ಇದ್ದದ್ದು ಐದಕ್ಕೆ ಬಂದಿದೆ, ಮೂರು ತಿಂಗಳ ಕಷಾಯದ ಫಲ!’ ಅವರ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ, ವೈದ್ಯರ ಬಳಿ ಕಳುಹಿಸಿದೆ. ಹೋಗಲಿ, ಮೂರರಿಂದ ಭಾಗಿಸಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ ಎಂದೂ ಅಲ್ಲ. ಫೈಬ್ರೋಸ್ಕ್ಯಾನ್ ಸೆಕೆಂಡಿಗೆ 50 ಸಲದ ಲೆಕ್ಕದಲ್ಲಿ ಕಂಪಿಸುತ್ತದೆ, ಎಂಆರ್‌ಐನ ಬಿಲ್ಲೆ 60 ಸಲ. ಒಂದು ಸಣ್ಣ ತುಣುಕನ್ನು ನೋಡುತ್ತದೆ, ಇನ್ನೊಂದು ಲಿವರ್‌ನ ಅಗಲವಾದ ಸೀಳುಗಳನ್ನು. ಒಂದನ್ನು ಇನ್ನೊಂದರ ಜೊತೆ ಹೋಲಿಸದಿರುವುದೇ ಕ್ಷೇಮ.

ಒಂದೇ ವಿಧಾನದಲ್ಲಿ ಅಳೆದರೂ ಪ್ರತಿ ಏರಿಳಿತವೂ ನಿಜವಲ್ಲ. ಉತ್ತರ ಅಮೆರಿಕದ ರೇಡಿಯಾಲಜಿ ಸಂಘದ ಆಶ್ರಯದ ತಜ್ಞರು ಲೆಕ್ಕ ಹಾಕಿ ಹೇಳಿರುವಂತೆ, ಒಬ್ಬನೇ ರೋಗಿಯಲ್ಲಿ ಅಂಕಿ ಶೇ. 19 ಅಥವಾ ಅದಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಅದನ್ನು ನಿಜವಾದ ಬದಲಾವಣೆಯೆಂದು ಭರವಸೆಯಿಂದ ಹೇಳಬಹುದು. 4.2 ಇದ್ದದ್ದು 4.7 ಆದರೆ ಗಾಬರಿ ಬೇಡ. 5.2 ಆದರೆ ವೈದ್ಯರು ಕೂತು ಯೋಚಿಸಬೇಕು. ಅದೂ ಅದೇ ಬಗೆಯ ಯಂತ್ರ, ಅದೇ ಸಾಫ್ಟ್‌ವೇರ್, ಖಾಲಿ ಹೊಟ್ಟೆ ಎಂಬ ಷರತ್ತುಗಳ ಮೇಲೆ. ಊಟವಾದ ಮೇಲೆ ಲಿವರ್‌ಗೆ ಹರಿಯುವ ರಕ್ತ ಹೆಚ್ಚಿ ಗಡಸುತನವೂ ಏರುವುದರಿಂದ ನಾಲ್ಕರಿಂದ ಆರು ಗಂಟೆ ಉಪವಾಸ ಬೇಕು. ಬೆಳಗಿನ ಬಸ್ಸಿಗೆ ಬಂದು, ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬರುವವರಿಗೆ ಇದನ್ನು ಮೊದಲೇ ಹೇಳುವವರು ಯಾರು?

ಇದು ಎಲ್ಲಕ್ಕೂ ಮದ್ದು ಎಂದು ಮಾರುವವನು ನಾನಲ್ಲ. ಲಿವರ್‌ನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದವರಲ್ಲಿ ಸಾಮಾನ್ಯ ವಿಧಾನದಲ್ಲಿ ಚಿತ್ರವೇ ಬರುವುದಿಲ್ಲ. ಅವರಿಗೆ ಸ್ಪಿನ್ ಎಕೋ ಎಂಬ ಬೇರೆ ಬಗೆಯ ಚಿತ್ರಣ ವಿಧಾನ ಬೇಕು. ಉರಿಯೂತ, ಪಿತ್ತನಾಳದ ಅಡಚಣೆ, ಹೃದಯದ ದೌರ್ಬಲ್ಯದಿಂದ ರಕ್ತ ಕಟ್ಟಿಕೊಳ್ಳುವುದು, ಇವೆಲ್ಲ ನಾರಿಲ್ಲದೆಯೇ ಅಂಕಿಯನ್ನು ಏರಿಸುತ್ತವೆ. ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಅಂಕಿ ಇಳಿದರೆ ಅದು ಉರಿಯೂತ ಇಳಿದದ್ದು, ನಾರು ಕರಗಿದ್ದಲ್ಲ. ಪೇಸ್‌ಮೇಕರ್ ಇದ್ದವರು, ಕೊಳವೆಯೊಳಗೆ ಹೋಗಲು ಹೆದರುವವರು ಇದ್ದೇ ಇರುತ್ತಾರೆ. ಅಂಕಿಯನ್ನು ರಕ್ತ ಪರೀಕ್ಷೆಯ ಜೊತೆಗಿಟ್ಟು ಓದುವುದು ವೈದ್ಯರ ಕೆಲಸ, ಅದನ್ನು ಯಂತ್ರಕ್ಕೆ ಬಿಟ್ಟುಕೊಡಬಾರದು. ಹಾಗೆಯೇ ಸಂತೆಯಲ್ಲಿ ಸಿಕ್ಕವರಿಗೆಲ್ಲ ಎಂಆರ್‌ಐ ಮಾಡಿಸಿ ಎಂದೂ ನಾನು ಕೇಳುತ್ತಿಲ್ಲ. ಕೊಬ್ಬಿನ ಲಿವರ್ ಇದೆ ಎಂದು ಗೊತ್ತಾದವರನ್ನು ಸೋಸಲು ವಯಸ್ಸು, ಎರಡು ಲಿವರ್ ಕಿಣ್ವಗಳು, ಪ್ಲೇಟ್ಲೆಟ್ ಎಣಿಕೆ ಸೇರಿಸಿ ಲೆಕ್ಕ ಹಾಕುವ ಫಿಬ್-4 ಸಾಕು. ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಪ್ರಯೋಗಾಲಯವೂ ಒಂದು ಕ್ಯಾಲ್ಕುಲೇಟರೂ ಇದ್ದರಾಯಿತು. ನಾನು ಮಾತನಾಡುತ್ತಿರುವುದು ಕ್ಯಾನ್ಸರ್ ಚಿಕಿತ್ಸೆ ಪಡೆದು ಹೇಗೂ ಎಂಆರ್‌ಐ ಕೊಳವೆಯೊಳಗೆ ಮಲಗಿರುವವರ ಬಗ್ಗೆ ಮಾತ್ರ.

ಈಗ ಕೋರಿಕೆಗೆ ಬರುತ್ತೇನೆ. ಮೊದಲನೆಯದಕ್ಕೆ ಒಂದು ರೂಪಾಯಿಯೂ ಬೇಡ. ಸರ್ಕಾರದ ಹಣ ಪಡೆಯುವ ಪ್ರತಿ ಲಿವರ್ ಎಂಆರ್‌ಐ ವರದಿಯಲ್ಲಿ ‘ಉಳಿದ ಲಿವರ್’ ಎಂಬ ಪ್ರತ್ಯೇಕ ಭಾಗ ಇರಲೇಬೇಕೆಂದು ಸುತ್ತೋಲೆ ಹೊರಡಿಸಿ. ಎಲಾಸ್ಟೋಗ್ರಫಿ ಇಲ್ಲದ ಯಂತ್ರದಲ್ಲೂ ಲಿವರ್‌ನ ಅಂಚು ಗಂಟುಗಟ್ಟಿರುವುದು, ಗುಲ್ಮದ ಉದ್ದ, ಹೊಸದಾಗಿ ಉಬ್ಬಿದ ಸಿರೆಗಳು, ಹೊಟ್ಟೆಯ ನೀರು ಎಲ್ಲವೂ ಕಾಣುತ್ತವೆ. ಅವನ್ನು ಹಿಂದಿನ ಸ್ಕ್ಯಾನಿನೊಂದಿಗೆ ಹೋಲಿಸಿ ಬರೆಯಲು ಬೇಕಾಗುವುದು ಹಳೆಯ ಚಿತ್ರ ಮತ್ತು ಎರಡು ನಿಮಿಷ. ಹಳೆಯ ಚಿತ್ರವೇ ಸಿಗದಿರುವುದು ನಮ್ಮ ದೊಡ್ಡ ರೋಗ. ಫಿಲ್ಮನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿರುತ್ತಾರೆ, ಸಿಡಿ ಮಕ್ಕಳ ಆಟಕ್ಕೆ ಹೋಗಿರುತ್ತದೆ. ಸರ್ಕಾರಿ ಆರೋಗ್ಯ ಯೋಜನೆಯ ರೋಗಿಗಳ ಚಿತ್ರಗಳಾದರೂ ಒಂದೇ ಸರ್ವರಿನಲ್ಲಿ ಉಳಿದು, ಮುಂದಿನ ಊರಿನ ರೇಡಿಯಾಲಜಿಸ್ಟರಿಗೆ ತೆರೆಯುವಂತಾಗಲಿ. ಓದುಗರಲ್ಲಿ ರೋಗಿಗಳ ಮನೆಯವರಿದ್ದರೆ, ಸರ್ಕಾರಕ್ಕಾಗಿ ಕಾಯದೆ ಸಿಡಿಗಳನ್ನು ಇಂದೇ ಒಂದು ಚೀಲಕ್ಕೆ ಹಾಕಿಡಿ.

ಎರಡನೆಯದು ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಲಿವರ್ ಕ್ಯಾನ್ಸರಿನ ಪ್ಯಾಕೇಜುಗಳನ್ನು ಪರಿಷ್ಕರಿಸುವಾಗ ಚಿಕಿತ್ಸೆಗೆ ಮೊದಲು ಒಂದು ಗಡಸುತನದ ಅಳತೆ, ಚಿಕಿತ್ಸೆಯ ನಂತರ ಕನಿಷ್ಠ ವರ್ಷಕ್ಕೊಂದು, ಇವನ್ನು ಸ್ಪಷ್ಟವಾಗಿ ಹೆಸರಿಸಿ ಸೇರಿಸಿ. ಮೊದಲಿನ ಅಳತೆ ಇಲ್ಲದೆ ನಂತರದ್ದು ಅರ್ಧ ಮಾತ್ರ ಉಪಯೋಗಿ: 6 ಎಂಬುದು ಚಿಕಿತ್ಸೆ ತಂದದ್ದೋ ರೋಗಿ ಮೊದಲೇ ಹೊತ್ತು ತಂದದ್ದೋ ತಿಳಿಯುವುದಿಲ್ಲ. ನಾನು ನೋಡಿದ ಬಹುತೇಕ ರೋಗಿಗಳು ತಪಾಸಣೆಯ ಸ್ಕ್ಯಾನಿಗೆ ಕೈಯಿಂದಲೇ ಕೊಟ್ಟವರು. ದುಡ್ಡಿಲ್ಲದ ಸಲ ಬರದೇ ಉಳಿದವರು.

ಮೂರನೆಯದು ಯಂತ್ರ. ದಯವಿಟ್ಟು ಹೊಸ ಎಂಆರ್‌ಐ ಕೊಳ್ಳಬೇಡಿ. ಅದು ಬಂದರೆ ಉದ್ಘಾಟನೆಯ ಕಲ್ಲು ಕೆತ್ತಿಸುವುದರಲ್ಲೇ ಆರು ತಿಂಗಳು ಹೋಗುತ್ತದೆ. ಇರುವ 1.5 ಟೆಸ್ಲಾ (ಆಯಸ್ಕಾಂತದ ಬಲದ ಅಳತೆ) ಯಂತ್ರಗಳು ಈ ಕೆಲಸಕ್ಕೆ ಧಾರಾಳ ಸಾಕು. ಕಬ್ಬಿಣದ ತೊಂದರೆಯ ವಿಷಯದಲ್ಲಿ 3 ಟೆಸ್ಲಾಗಿಂತ ಅವೇ ಮೇಲು. ಬೇಕಾದದ್ದು ಕಂಪನದ ಉಪಕರಣ ಮತ್ತು ಅದರ ಸಾಫ್ಟ್‌ವೇರ್ ಪರವಾನಗಿ, ಅಂದರೆ ಹೊಸ ಯಂತ್ರದ ಬೆಲೆಯ ಸಣ್ಣ ಪಾಲು. ಎಲ್ಲ ಜಿಲ್ಲೆಗೂ ಒಂದೇ ದಿನ ಬೇಡ. ಬೆಂಗಳೂರಿನ ಕಿದ್ವಾಯಿ ಮತ್ತು ವಿಕ್ಟೋರಿಯಾ ಆವರಣದ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಲಿವರ್ ರೋಗಿಗಳು ಹೆಚ್ಚಾಗಿ ಸೇರುವ ಸರ್ಕಾರಿ ಸ್ಥಳಗಳು. ಅವುಗಳ ಜೊತೆಗೆ ಕಲ್ಯಾಣ ಕರ್ನಾಟಕದಲ್ಲಿ ಒಂದು, ಹುಬ್ಬಳ್ಳಿ ಕಡೆ ಒಂದು, ನಮ್ಮ ಮಧ್ಯ ಕರ್ನಾಟಕಕ್ಕೊಂದು ಕೇಂದ್ರವಾದರೆ, ಕಲಬುರಗಿಯ ರೋಗಿ ಐದು ನಿಮಿಷದ ಅಳತೆಗೆ ರಾತ್ರಿಯಿಡೀ ರೈಲಿನಲ್ಲಿ ಕೂರುವುದು ತಪ್ಪುತ್ತದೆ. ಖಾಸಗಿ ಸಹಭಾಗಿತ್ವದಲ್ಲಿ ನಡೆಯುವ ಸ್ಕ್ಯಾನ್ ಕೇಂದ್ರಗಳ ಒಪ್ಪಂದ ನವೀಕರಣಕ್ಕೆ ಬಂದಾಗ ಈ ಉಪಕರಣವನ್ನು ಷರತ್ತಿನಲ್ಲೇ ಬರೆಯಿಸಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಜೊತೆಗೆ ತಂತ್ರಜ್ಞರಿಗೆ ತರಬೇತಿ, ಕನ್ನಡದಲ್ಲಿ ಉಸಿರಿನ ಸೂಚನೆಯ ಧ್ವನಿಮುದ್ರಿಕೆ, ರೋಗಿಗೆ ಕೊಡುವ ಅರ್ಧ ಪುಟದ ಕನ್ನಡ ಚೀಟಿ. ಚೀಟಿಯಲ್ಲಿ ಯಾವ ವಿಧಾನದ ಅಂಕಿ, ಹಿಂದಿನದು ಎಷ್ಟಿತ್ತು, ಮುಂದಿನ ಸ್ಕ್ಯಾನ್ ಯಾವಾಗ, ಉಪವಾಸ ಎಷ್ಟು ಹೊತ್ತು ಎಂದಿಷ್ಟು ಇದ್ದರೆ ಆಯಿತು.

ಪ್ಯಾಕೇಜ್ ಪರಿಷ್ಕರಣೆಯ ಸಮಿತಿ ಕೂರುವಾಗ ಕ್ಯಾನ್ಸರ್ ತಜ್ಞರು, ಶಸ್ತ್ರಚಿಕಿತ್ಸಕರು, ಲೆಕ್ಕಪತ್ರದವರು ಇರುತ್ತಾರೆ. ಆ ಮೇಜಿನ ಬಳಿ ಒಬ್ಬ ಲಿವರ್ ವೈದ್ಯರಿಗೂ, ಒಬ್ಬ ರೇಡಿಯಾಲಜಿಸ್ಟರಿಗೂ, ಒಬ್ಬ ತಂತ್ರಜ್ಞನಿಗೂ ಕುರ್ಚಿ ಹಾಕಿಸಿ. ಬಿಲ್ಲೆ ಎಲ್ಲಿ ಕಟ್ಟಬೇಕು, ದಿನಕ್ಕೆ ಎಷ್ಟು ಜನರನ್ನು ಸರಿಯಾಗಿ ಅಳೆಯಲು ಸಾಧ್ಯ, ಯಾವ ಷರತ್ತು ಕಾಗದದಲ್ಲೇ ಉಳಿದುಹೋಗುತ್ತದೆ ಎಂಬುದನ್ನು ಅಲ್ಲೇ ತೀರ್ಮಾನಿಸಬಹುದು. ಕರೆದರೆ ಬರುತ್ತೇನೆ, ಪ್ರಯಾಣ ಭತ್ಯೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಂಆರ್‌ಐ ತಂತ್ರಜ್ಞ
ದಾವಣಗೆರೆ